ಕೈಕಾಲು ಸರಿಹೋಯ್ತು, ಮಳೆ ಲೆಕ್ಕ ಯಾಕೆ ನಿಂತೋಯ್ತು?

ನಮ್ಮ ಮಾವನ ಮನೆಯ ಕಪಾಟಲ್ಲಿ ಸಾಲಾಗಿ ಮಳೆ ಡೈರಿಗಳಿದಾವೆ. ಕೊಡಗಿನವರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ, ಬೇರೆ ಕಡೆಯವರಿಗೋಸ್ಕರ ಹೇಳ್ತೀನಿ, ಇಲ್ಲಿ ತೋಟ ಇರೋ ಮನೆ ಅಂದ್ರೆ ಅಂಗಳದಲ್ಲೋ ಕಣದ ಮೂಲೆಯಲ್ಲೋ ಒಂದು ಮಳೆ ಅಳೆಯೋ ಡಬ್ಬಿ ಇರುತ್ತೆ, ಬೆಳಿಗ್ಗೆ ಎದ್ದು ಕಾಫಿಗೆ ಮುಂಚೆ ಹೋಗಿ ನೋಡಿ ಬರೆದಿಡೋದು, ಅದೂ ಮಿಲಿಮೀಟರಲ್ಲಿ ಅಲ್ಲ, ಇಂಚು ಸೆಂಟಲ್ಲಿ, ನೂರು ಸೆಂಟಿಗೆ ಒಂದು ಇಂಚು. ಫೋನ್ ಮಾಡಿದ್ರೆ ಹೇಗಿದೀರಾ ಅನ್ನೋಕೆ ಮುಂಚೆ "ನಿಮ್ಮ ಕಡೆ ಎಷ್ಟು ಸೆಂಟು?" ಅಂತ ಕೇಳೋ ಜನ ನಾವು. ಮಾವ ಮಾದಾಪುರದ ಹತ್ರ ಹನ್ನೆರಡು ಎಕರೆ ಕಾಫಿ ತೋಟ ನೋಡ್ಕೊಂಡು ನಲವತ್ತು ವರ್ಷದಿಂದ ಬರೀತಾ ಬಂದಿದಾರೆ, ದಿನದ ಮಳೆ ನೀಲಿ ಇಂಕಲ್ಲಿ, ತಿಂಗಳ ಕೊನೆಗೆ ಕೆಂಪು ಇಂಕಲ್ಲಿ ಒಟ್ಟು, ಅದರ ಪಕ್ಕ ಹೋದ ವರ್ಷದ ಅದೇ ತಿಂಗಳ ಒಟ್ಟು. ಗುಡ್ಡ ಕುಸಿದ 2018ರ ಆಗಸ್ಟ್ ಪುಟ ಒಂದನ್ನ ಮಾತ್ರ ಅವರು ಇವತ್ತಿಗೂ ಯಾರಿಗೂ ತೆಗೆದು ತೋರಿಸಲ್ಲ.

ಮೂರು ವರ್ಷದ ಹಿಂದೆ, ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದ ವಾರ, ಬೆಳಿಗ್ಗೆ ಅವರ ಬಲಗೈಯಿಂದ ಕಾಫಿ ಲೋಟ ಜಾರಿತು. ಮಾತು ಒಂಚೂರು ತೊದಲು. ಅತ್ತೆ ಚಳಿಗೆ ಕೈ ಮರಗಟ್ಟಿದೆ ಅಂದ್ಕೊಂಡು ಬಿಸಿನೀರು ಕಾಯಿಸಿದ್ರು, ಪಕ್ಕದ ಮನೆಯವರು ಬಂದು ಯಾರೋ ಲಕ್ವಕ್ಕೆ ನಾಟಿ ಮದ್ದು ಕೊಡೋರ ಹೆಸರು ಹೇಳಿದ್ರು, ಇದೆಲ್ಲ ಆಗಿ ನನಗೆ ಫೋನ್ ಬರೋ ಹೊತ್ತಿಗೆ ಎರಡೂವರೆ ಗಂಟೆ ಹೋಗಿತ್ತು, ಕುಶಾಲನಗರ ಹುಣಸೂರು ದಾಟಿ ಮೈಸೂರು ಸೇರೋಷ್ಟರಲ್ಲಿ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ನಿನ ಟೈಮ್ ಮುಗಿದುಹೋಗಿತ್ತು (ಅದಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ತಲುಪಬೇಕು, ಆಸ್ಪತ್ರೆ ಬಾಗಿಲಲ್ಲ, ಇಂಜೆಕ್ಷನ್ ಕೊಡೋ ಬೆಡ್ಡಿಗೆ). ಪುಣ್ಯಕ್ಕೆ ಸ್ಟ್ರೋಕ್ ಚಿಕ್ಕದು ಅಂದ್ರು. ನಾಲ್ಕು ದಿನಕ್ಕೆ ಡಿಸ್ಚಾರ್ಜ್. ಒಂದು ತಿಂಗಳಲ್ಲಿ ಕೈ ಬಂತು, ಮಾತು ಬಂತು, ಕಣದಲ್ಲಿ ಓಡಾಡೋಕೆ ಶುರು ಮಾಡಿದ್ರು. ನೋಡೋಕೆ ಬಂದವರೆಲ್ಲ "ಹುಷಾರಾದ್ರಲ್ಲ, ಇನ್ನೇನು" ಅಂತ ಹೇಳಿ ಬಾಳೆಹಣ್ಣು ಇಟ್ಟು ಹೋದ್ರು.

ಮಾರ್ಚಲ್ಲಿ ಮೊದಲನೇ ಗುಮಾನಿ ಬಂತು. ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಿದ್ರು, ಚೆನ್ನಾಗೇ ಬಂತು, ಆದ್ರೆ ಎರಡು ಮೂರು ವಾರ ಬಿಟ್ಟು ಕೊಡಬೇಕಾದ ಬ್ಯಾಕಿಂಗ್ ನೀರು ಕೊಡಲೇ ಇಲ್ಲ. ಜೀವಮಾನವಿಡೀ ಅದೇ ಕೆಲಸ ಮಾಡಿದ ಮನುಷ್ಯ. ಕೇಳಿದ್ರೆ ಬ್ಯಾಕಿಂಗ್ ಯಾಕೆ ಬೇಕು, ಯಾವಾಗ ಬೇಕು, ಕೊಡದಿದ್ರೆ ಕಾಯಿ ಕಚ್ಚಲ್ಲ ಅಂತ ಎಲ್ಲ ಕರೆಕ್ಟಾಗಿ ಹೇಳ್ತಾರೆ, ಗೊತ್ತಿದೆ, ಮಾಡಿಲ್ಲ ಅಷ್ಟೇ. ಮನೇಲಿ ಎಲ್ಲರೂ ಮಾವಂಗೆ ಆಸಕ್ತಿ ಹೋಗಿದೆ, ಸೋಮಾರಿತನ ಬಂದಿದೆ, ಕಾಯಿಲೆ ನೆಪದಲ್ಲಿ ಕೂತು ಟಿವಿ ನೋಡೋದು ರೂಢಿಯಾಗಿದೆ ಅಂದ್ರು. ನಾನೂ ಅಂದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಜೂನಲ್ಲಿ ಮಳೆಗಾಲ ಶುರುವಾದಾಗ ಒಂದಿನ ಸುಮ್ನೆ ಡೈರಿ ತೆಗೆದು ನೋಡ್ದೆ. ದಿನದ ಮಳೆ ಬರೆದಿದೆ, ಅಕ್ಷರ ಸ್ಟ್ರೋಕ್ ಆದ ತಿಂಗಳು ಸೊಟ್ಟ ಇದ್ದಿದ್ದು ಆಮೇಲೆ ನೆಟ್ಟಗಾಗಿದೆ, ಆದ್ರೆ ಕೆಂಪು ಇಂಕು ಎಲ್ಲೂ ಇಲ್ಲ. ಜನವರಿಯಿಂದ ಒಂದು ತಿಂಗಳದ್ದೂ ಕೂಡಿಲ್ಲ. ಹಿಂದಕ್ಕೆ ತಿರುಗಿಸ್ತಾ ಹೋದೆ. ಸ್ಟ್ರೋಕ್ ಆಗೋಕೆ ಎರಡು ವರ್ಷ ಮುಂಚಿನ ಪುಟಗಳಲ್ಲೇ ಕೆಂಪು ಮೊತ್ತ ಹೊಡೆದು ಹಾಕಿ ಮತ್ತೆ ಬರೆದಿದ್ದು, ಅದನ್ನೂ ಹೊಡೆದಿದ್ದು ಕಾಣಿಸ್ತು, ಒಂದು ಕಡೆ ಮೂರು ಸಲ. ಆ ಮನುಷ್ಯ ಬಟವಾಡೆ ಲೆಕ್ಕ ಬಾಯಲ್ಲೇ ಹಾಕಿ ಆಳುಗಳಿಗೆ ಕಾಸು ಎಣಿಸ್ತಾ ಇದ್ದವರು.

ನನ್ನದು ಮೆಡಿಕಲ್ ಶಾಪು, ಹತ್ತೊಂಬತ್ತು ವರ್ಷ ಆಯ್ತು. ಡಾಕ್ಟ್ರಲ್ಲ. ಆದ್ರೆ ದಿನಾ ಬಿಪಿ ಗುಳಿಗೆ ಮಾರೋನು ನಾನು, ಮನೇಲೇ ನಡೀತಿದ್ದದ್ದು ಕಾಣಲಿಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತೆ, ಅದಕ್ಕೇ ಡಾಕ್ಟ್ರ ಹತ್ರ ಕೂತು ಕೇಳಿದ್ದು, ಆಮೇಲೆ ಹುಡುಕಿ ಓದಿದ್ದು ಎಲ್ಲ ಸೇರಿಸಿ ಬರೀತಿದೀನಿ.

ಆಸ್ಪತ್ರೆಯ ಎಂಆರ್‌ಐ ರಿಪೋರ್ಟಲ್ಲೇ ಕೊನೇ ಸಾಲಲ್ಲಿ ಇತ್ತು: ಕ್ರಾನಿಕ್ ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್, ಫಜೇಕಾಸ್ ಗ್ರೇಡ್ 2. ಡಿಸ್ಚಾರ್ಜ್ ಟೈಮಲ್ಲಿ ಯಾರೂ ಅದರ ಬಗ್ಗೆ ಒಂದು ಮಾತು ಆಡಿರ್ಲಿಲ್ಲ, ನಾವೂ ಕೇಳಿರ್ಲಿಲ್ಲ. ಕನ್ನಡದಲ್ಲಿ ಹೇಳೋದಾದ್ರೆ ಮೆದುಳಿನ ಸಣ್ಣ ರಕ್ತನಾಳಗಳು ತುಂಬಾ ಕಾಲದಿಂದ ಕೆಡ್ತಾ ಬಂದು, ಅವು ನೀರುಣಿಸೋ ಜಾಗಕ್ಕೆ ರಕ್ತ ಸಾಲದೆ ಆಗಿರೋ ಗುರುತುಗಳಿವೆ ಅಂತ. ಫಜೇಕಾಸ್ ಅನ್ನೋದು 0ಯಿಂದ 3ರವರೆಗಿನ ಒಂದು ಅಳತೆ, ಸ್ಕ್ಯಾನಲ್ಲಿ ಬಿಳಿ ಮಚ್ಚೆ ಎಷ್ಟು ಹರಡಿದೆ ಅಂತ ಹೇಳುತ್ತೆ. ಸೊನ್ನೆ ಅಂದ್ರೆ ಇಲ್ಲ, 1 ಅಂದ್ರೆ ಅಲ್ಲೊಂದು ಇಲ್ಲೊಂದು ಚುಕ್ಕಿ, 2 ಅಂದ್ರೆ ಚುಕ್ಕಿಗಳು ಒಂದಕ್ಕೊಂದು ಸೇರೋಕೆ ಶುರು, 3 ಅಂದ್ರೆ ಸೇರಿ ದೊಡ್ಡ ಪ್ಯಾಚ್ ಆಗಿದೆ. ಗಾಬರಿ ಬೀಳೋರಿಗೆ ಒಂದು ಮಾತು, ಅರವತ್ತು ದಾಟಿದ ಹೆಚ್ಚುಕಮ್ಮಿ ಎಲ್ಲರ ಮೆದುಳಲ್ಲೂ ಒಂದೆರಡು ಚುಕ್ಕಿ ಇರುತ್ತೆ, ತಲೆಕೂದಲು ಬೆಳ್ಳಗಾದ ಹಾಗೆ. ಗ್ರೇಡ್ 1 ಅಂತ ಬರೆದಿದ್ದನ್ನ ನೋಡಿ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದೋ ಕಾಯಿಲೆ) ಬಂತು ಅಂತ ಅಳೋದು ಬೇಡ. 2, 3 ಇದ್ರೆ ಮಾತ್ರ ಕೂತು ಮಾತಾಡಬೇಕಾದ ವಿಷಯ.

ಈ ಸಣ್ಣ ನಾಳ ಅಂದ್ರೆ ಎಷ್ಟು ಸಣ್ಣ? ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕು ಭಾಗ, ಅಂದಾಜಿಗೆ ಒಂದು ಕೂದಲಿಂದ ನಾಲ್ಕೈದು ಕೂದಲು ಸೇರಿಸಿದಷ್ಟು ದಪ್ಪ. ಮೆದುಳು ನಮ್ಮ ತೂಕದಲ್ಲಿ ಸುಮಾರು 2%, ಆದ್ರೆ ದೇಹ ಬಳಸೋ ಆಕ್ಸಿಜನ್ನಲ್ಲಿ ಸುಮಾರು 20% ಅದಕ್ಕೇ ಬೇಕು, ಉಳಿತಾಯ ಖಾತೆ ಅಂತ ಏನೂ ಇಟ್ಕೊಂಡಿರಲ್ಲ, ಬಂದಿದ್ದನ್ನ ಬಂದ ಹಾಗೇ ಖರ್ಚು ಮಾಡುತ್ತೆ.

ತೋಟದ ಸ್ಪ್ರಿಂಕ್ಲರ್ ಲೈನ್ ನೆನಪು ಮಾಡ್ಕೊಳ್ಳಿ. ಕೆರೆ ಹತ್ರ ಮೋಟಾರು, ಅಲ್ಲಿಂದ ದಪ್ಪ ಮೇನ್ ಪೈಪು, ಗುಡ್ಡ ಹತ್ತಿದಂಗೆ ಸಣ್ಣ ಪೈಪು, ತುದೀಲಿ ಜೆಟ್. ಹಂತಹಂತವಾಗಿ ಸಣ್ಣ ಆಗ್ತಾ ಹೋಗೋದ್ರಿಂದ ಪ್ರೆಶರ್ ಕೂಡ ಹಂತಹಂತವಾಗಿ ಇಳಿಯುತ್ತೆ. ಮೆದುಳಿನ ಮೇಲ್ಪದರದ ನಾಳಗಳು ಹಾಗೇ ಇವೆ. ಒಳಗಿನ ಆಳದ ಭಾಗಕ್ಕೆ ಹೋಗೋವು ಮಾತ್ರ ಹಾಗಿಲ್ಲ, ಬುಡದ ದಪ್ಪ ಮೇನ್ ನಾಳಕ್ಕೇ ನೇರವಾಗಿ ಅಡ್ಡಡ್ಡ ಸೂಜಿ ಗಾತ್ರದ ಟ್ಯೂಬ್ ಚುಚ್ಚಿಟ್ಟ ಹಾಗೆ ಹೊರಟು ಒಳಗೆ ನುಗ್ತವೆ. ಮೋಟಾರಿನ ಪೂರ್ತಿ ಹೊಡೆತ ಆ ಸೂಜಿ ಟ್ಯೂಬಿಗೇ. ಜೊತೆಗೆ ಮೇಲ್ಪದರದಲ್ಲಿ ಒಂದು ನಾಳ ಕಟ್ಟಿದ್ರೆ ಪಕ್ಕದ್ದು ಸ್ವಲ್ಪ ಸಹಾಯಕ್ಕೆ ಬರುತ್ತೆ, ಆಳದಲ್ಲಿ ಒಂದೊಂದೂ ಒಂಟಿ, ಅದು ಹೋದ್ರೆ ಅದರ ಪಾಲಿನ ಜಾಗ ಹೋಯ್ತು.

ಬಿಪಿ ಹತ್ತು ಹದಿನೈದು ವರ್ಷ 150, 160ರಲ್ಲಿ ಓಡ್ತಾ ಇದ್ರೆ ಈ ನಾಳಗಳ ಗೋಡೆ ಆ ಹೊಡೆತ ತಡ್ಕೊಳ್ಳೋಕೆ ದಪ್ಪ ಆಗುತ್ತೆ, ಒಳಗಿನ ದಾರಿ ಕಿರಿದಾಗುತ್ತೆ. ಗೋಡೇಲಿರೋ ಹಿಗ್ಗಿ ಕುಗ್ಗೋ ಮಾಂಸ ಸತ್ತು ಗಟ್ಟಿ ನಾರು ಬಂದು ಕೂರುತ್ತೆ, ಬಿಸಿಲಿಗೆ ಬಿದ್ದ ಹಳೇ ಹೋಸ್ ಪೈಪ್ ಹೇಗೆ ಕಟಕಟ ಅನ್ನುತ್ತೋ ಹಾಗೆ. ಆರೋಗ್ಯವಾಗಿರೋ ನಾಳ ಬಿಪಿ ಏರಿದ್ರೆ ಕುಗ್ಗಿ, ಇಳಿದ್ರೆ ಹಿಗ್ಗಿ ಮೆದುಳಿಗೆ ಹೋಗೋ ರಕ್ತನ ಒಂದೇ ಸಮ ಇಡುತ್ತೆ, ಈ ಕಟಕಟ ನಾಳಕ್ಕೆ ಅದು ಆಗಲ್ಲ. ಇನ್ನೊಂದು, ರಕ್ತದಲ್ಲಿರೋ ಏನೇನೋ ಮೆದುಳಿನ ಒಳಗೆ ನುಗ್ಗದ ಹಾಗೆ ಗೋಡೆ ಒಂದು ಬೇಲಿ ಥರ ಕಾಯ್ತಾ ಇರುತ್ತೆ, ಅದೂ ಸೋರೋಕೆ ಶುರುವಾಗುತ್ತೆ. ಬಿಪಿ ಒಂದೇ ಕಾರಣ ಅಂತಲ್ಲ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ವಯಸ್ಸು ಎಲ್ಲ ಸೇರುತ್ತೆ, ಕೆಲವರಿಗೆ ವಯಸ್ಸಾದ ಮೇಲೆ ಅಮೈಲಾಯ್ಡ್ ಅನ್ನೋ ಪ್ರೋಟೀನು ಮೇಲ್ಪದರದ ಸಣ್ಣ ನಾಳಗಳ ಗೋಡೆಗೆ ಮೆತ್ಕೊಳ್ಳುತ್ತೆ, ಅದು ಬೇರೆ ಜಾತಿ. ಅಪರೂಪಕ್ಕೆ ವಂಶದಲ್ಲೇ ಬರೋದೂ ಇದೆ, ಕಡಸಿಲ್ ಅಂತಾರೆ, ನಾಚ್3 ಅನ್ನೋ ಜೀನಿನ ದೋಷ. ನಲವತ್ತು ಐವತ್ತಕ್ಕೇ ಸ್ಟ್ರೋಕ್, ಅದಕ್ಕೂ ಮುಂಚೆಯಿಂದ ಮೈಗ್ರೇನ್, ಅಪ್ಪಂಗೂ ಅಜ್ಜಂಗೂ ಹಾಗೇ ಆಗಿತ್ತು ಅಂದ್ರೆ ಅದನ್ನ ಡಾಕ್ಟ್ರಿಗೆ ಬಿಡದೆ ಹೇಳಿ.

ಹೀಗೆ ಕೆಟ್ಟ ನಾಳಕ್ಕೆ ಮೂರು ಗತಿ. ಪೂರ್ತಿ ಕಟ್ಟಿದ್ರೆ ಅದರ ಪಾಲಿನ ಜಾಗ ಸತ್ತು ಆಮೇಲೆ ಅಲ್ಲೊಂದು ನೀರು ತುಂಬಿದ ಚಿಕ್ಕ ಹೊಂಡ ಉಳಿಯುತ್ತೆ, ಸಾಮಾನ್ಯವಾಗಿ 3ರಿಂದ 15 ಮಿಲಿಮೀಟರ್, ಲಕೂನ್ ಅಂತಾರೆ, ಲ್ಯಾಟಿನಲ್ಲಿ ಹೊಂಡ ಅಂತಲೇ ಅರ್ಥ. ಪೂರ್ತಿ ಕಟ್ಟದೆ ವರ್ಷಗಟ್ಟಲೆ ಅರೆಹೊಟ್ಟೆ ಆದ್ರೆ ಸ್ಕ್ಯಾನಲ್ಲಿ ಕಾಣೋ ಆ ಬಿಳಿ ಮಚ್ಚೆ. ಒಡೆದ್ರೆ ರಕ್ತಸ್ರಾವ, ಸಾಸಿವೆ ಗಾತ್ರದ್ದಾದ್ರೆ ಮೈಕ್ರೋಬ್ಲೀಡ್, ಯಾರಿಗೂ ಗೊತ್ತಾಗಲ್ಲ, ದೊಡ್ಡದಾದ್ರೆ ಐಸಿಯು. ಒಂದೇ ಕೆಟ್ಟ ನಾಳ ಕಟ್ಟಲೂಬಹುದು ಒಡೆಯಲೂಬಹುದು ಅನ್ನೋದೇ ಈ ಕಾಯಿಲೆಯ ತಲೆನೋವು, ಗುಳಿಗೆ ವಿಷಯದಲ್ಲಿ ಇದು ಮತ್ತೆ ಬರುತ್ತೆ.

ಮಾವಂಗೆ ಆಗಿದ್ದು ಲಕೂನಾರ್ ಸ್ಟ್ರೋಕ್. ರಕ್ತ ಕಟ್ಟಿ ಆಗೋ ಸ್ಟ್ರೋಕುಗಳಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲೊಂದು ಈ ಥರದ್ದು. ಮಾತು ತೊದಲಿ ಒಂದು ಕೈ ಮಾತ್ರ ಎಡವಟ್ಟಾಗೋದು ಇದರದ್ದೇ ಒಂದು ರೂಪ, 1960ರ ದಶಕದಲ್ಲಿ ಮಿಲ್ಲರ್ ಫಿಶರ್ ಅನ್ನೋ ಕೆನಡಾದ ನ್ಯೂರಾಲಜಿಸ್ಟ್ ಇವನ್ನೆಲ್ಲ ಒಂದೊಂದಾಗಿ ಗುರುತಿಸಿ ಬರೆದಿಟ್ಟರು, ಸತ್ತವರ ಮೆದುಳನ್ನ ತೆಳ್ಳಗೆ ಕುಯ್ದು ನೋಡಿ ಯಾವ ನಾಳ ಎಲ್ಲಿ ಕಟ್ಟಿದೆ ಅಂತ ಕಣ್ಣಾರೆ ಕಂಡವರು. ಚಿಕ್ಕ ಹೊಂಡ, ಚಿಕ್ಕ ಸ್ಟ್ರೋಕ್, ಬೇಗ ವಾಸಿ, ನಿಜ. ಆದ್ರೆ ಒಂದು ಗೊತ್ತಾಗೋ ಹೊಂಡಕ್ಕೆ ಗೊತ್ತೇ ಆಗದ ಹೊಂಡ ಹಲವಾರು ಇರುತ್ತೆ. ಯಾವ ಸ್ಟ್ರೋಕೂ ಆಗಿಲ್ಲ ಅನ್ನೋ ವಯಸ್ಸಾದವರನ್ನ ಸ್ಕ್ಯಾನ್ ಮಾಡಿದ್ರೆ ಸುಮಾರು ಐದರಲ್ಲಿ ಒಬ್ಬರಲ್ಲಿ ಹಳೇ ಹೊಂಡ ಸಿಗುತ್ತೆ. ಮಾವನ ಸ್ಕ್ಯಾನಲ್ಲಿ ಹೊಸದು ಒಂದು, ಹಳೇವು ಮೂರು. ಆ ಮೂರೂ ಯಾವಾಗ ಆದವು? ಗೊತ್ತಿಲ್ಲ. ಆದ್ರೆ ಕೆಂಪು ಇಂಕಿನ ಹೊಡೆತಗಳು ಯಾವ ತಿಂಗಳಿಂದ ಶುರುವಾದವು ಅಂತ ನನಗೆ ಗೊತ್ತು.

ಈಗ ಮುಖ್ಯವಾದ ಪ್ರಶ್ನೆ, ಇಷ್ಟು ಚಿಕ್ಕ ಚಿಕ್ಕ ಗಾಯಕ್ಕೆ ಲೆಕ್ಕ ಯಾಕೆ ತಪ್ಪುತ್ತೆ, ನೆನಪು ಇದ್ರೂ ಕೆಲಸ ಯಾಕೆ ಆಗಲ್ಲ?

ಮೆದುಳಿನ ಹೊರಪದರ ಬೂದು ಬಣ್ಣ, ಯೋಚನೆ ನೆನಪು ಎಲ್ಲ ಅಲ್ಲಿ. ಒಳಗಿರೋ ಬಿಳಿ ಭಾಗ ಪೂರ್ತಿ ತಂತಿ, ಈ ಜಾಗದಿಂದ ಆ ಜಾಗಕ್ಕೆ ಸುದ್ದಿ ಒಯ್ಯೋ ನರಗಳು, ಮೇಲೆ ಕೊಬ್ಬಿನ ಕವಚ. ಸಣ್ಣ ನಾಳದ ಕಾಯಿಲೆ ಹೆಚ್ಚಾಗಿ ಹೊಡೆಯೋದು ಈ ಬಿಳಿ ಭಾಗಕ್ಕೆ, ಕವಚ ಕಟ್ಟೋ ಜೀವಕೋಶಗಳು ಆಕ್ಸಿಜನ್ ಒಂಚೂರು ಕಮ್ಮಿ ಆದ್ರೂ ಸಾಯ್ತವೆ. 2018ರಲ್ಲಿ ಗುಡ್ಡ ಕುಸಿದು ಹಟ್ಟಿಹೊಳೆ ಕಡೆ ರಸ್ತೆ ಹೋದಾಗ ನೆನಪಿದೆಯಲ್ಲ, ಮಡಿಕೇರಿ ಇತ್ತು, ಮಾದಾಪುರ ಇತ್ತು, ಎರಡೂ ಕಡೆ ಅಂಗಡಿ ತೆಗೆದಿತ್ತು, ದಾರಿ ಮಾತ್ರ ಇರ್ಲಿಲ್ಲ. ಸುಂಟಿಕೊಪ್ಪ ಸುತ್ತಿ ಬರಬೇಕು. ಬರೋಕಾಗಲ್ಲ ಅಂತಲ್ಲ, ತಡ ಆಗುತ್ತೆ, ಸುಸ್ತಾಗುತ್ತೆ, ಒಂದೇ ದಿನ ನಾಲ್ಕು ಕೆಲಸ ಇಟ್ಕೊಂಡ್ರೆ ಎರಡು ಬಿಟ್ಟೇ ಹೋಗುತ್ತೆ. ಮಾವನ ತಲೇಲಿ ಆಗಿದ್ದು ಅದೇ. ಬ್ಯಾಕಿಂಗ್ ಯಾವಾಗ ಕೊಡಬೇಕು ಅನ್ನೋ ಜ್ಞಾನ ಒಂದೂರಲ್ಲಿ ಭದ್ರವಾಗಿದೆ, ಇವತ್ತು ತಾರೀಖು ಎಷ್ಟು ಅನ್ನೋದು ಇನ್ನೊಂದೂರಲ್ಲಿದೆ, ಡೀಸೆಲ್ ತರಿಸಬೇಕು ಆಳು ಹೇಳಬೇಕು ಪೈಪ್ ಎಳೆಸಬೇಕು ಅನ್ನೋ ಪ್ಲಾನಿಂಗ್ ಮುಂದಲೆಯ ಊರಲ್ಲಿದೆ, ಮೂರನ್ನೂ ಒಂದು ಕಡೆ ತರೋ ದಾರಿ ಕಿತ್ತುಹೋಗಿದೆ. ವಿಶೇಷವಾಗಿ ಮುಂದಲೆಗೂ ಆಳದ ಭಾಗಗಳಿಗೂ ಇರೋ ಸುತ್ತುದಾರಿಗಳೇ ಈ ಸೂಜಿ ನಾಳಗಳ ಇಲಾಖೆಯಲ್ಲಿ ಬರೋದು, ಅದಕ್ಕೇ ಮೊದಲು ಪೆಟ್ಟು ಬೀಳೋದು ವೇಗಕ್ಕೆ, ಯೋಜನೆಗೆ, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಮನಸ್ಸು ತಿರುಗಿಸೋದಕ್ಕೆ, ಮತ್ತೆ ತಾನಾಗೇ ಎದ್ದು ಶುರು ಮಾಡೋ ಹುಮ್ಮಸ್ಸಿಗೆ.

ಈ ಕೊನೇದನ್ನ ಡಾಕ್ಟ್ರು ಅಪಥಿ ಅಂತಾರೆ. ಮನೆಯವರು ಸೋಮಾರಿತನ ಅಂತಾರೆ. ಹೇಳಿದ್ರೆ ಮಾಡ್ತಾರೆ, ಹೇಳದಿದ್ರೆ ಕೂತಲ್ಲೇ ಕೂತಿರ್ತಾರೆ, ಬೇಜಾರೂ ಇಲ್ಲ ಖುಷಿಯೂ ಇಲ್ಲ. ಡಿಪ್ರೆಶನ್ ಬೇರೆ, ಅದೂ ಸ್ಟ್ರೋಕ್ ಆದವರಲ್ಲಿ ತುಂಬಾ ಜನಕ್ಕೆ ಬರುತ್ತೆ, ಅದಕ್ಕೆ ಔಷಧಿ ಇದೆ, ಆದ್ರೆ ದುಃಖ ಇರೋ ಮನುಷ್ಯನ್ನೂ ದುಃಖ ಇಲ್ಲದೆ ಸುಮ್ನೆ ಕೂತಿರೋ ಮನುಷ್ಯನ್ನೂ ಬೇರೆಬೇರೆ ಅಂತ ಗುರುತಿಸೋದು ನಮ್ಮಂಥವರ ಕೈಲಿ ಆಗಲ್ಲ, ತೋರಿಸಲೇಬೇಕು. ಇನ್ನು ಕೆಲವರಿಗೆ ಸಣ್ಣದಕ್ಕೂ ಅಳು ಉಕ್ಕಿ ಬರುತ್ತೆ ಇಲ್ಲ ನಗು ತಡೆಯೋಕಾಗಲ್ಲ. ನಡಿಗೆ ಬದಲಾಗುತ್ತೆ, ಹೆಜ್ಜೆ ಚಿಕ್ಕದಾಗಿ ನೆಲಕ್ಕೆ ಅಂಟ್ಕೊಂಡ ಹಾಗೆ, ಮೂತ್ರ ಬಂದ್ರೆ ತಡೆಯೋಕಾಗಲ್ಲ. ಇದನ್ನೆಲ್ಲ ಬೇರೆಬೇರೆ ಕಾಯಿಲೆ ಅಂದ್ಕೊಂಡು ಮಂಡಿಗೆ ಒಬ್ರು, ಪ್ರಾಸ್ಟೇಟಿಗೆ ಒಬ್ರು, ಮನಸ್ಸಿಗೆ ಒಬ್ರು ಅಂತ ಮೂರು ಡಾಕ್ಟ್ರ ಚೀಟಿ ಹಿಡ್ಕೊಂಡು ನನ್ನ ಅಂಗಡಿಗೆ ಬರೋರು ಇದಾರೆ, ಬೇರೆಬೇರೆ ಇದ್ರೂ ಇರಬಹುದು, ಆದ್ರೆ ಮೂರೂ ಒಂದೇ ಬೇರಿಂದ ಬಂದಿರೋ ಸಾಧ್ಯತೆನೂ ಇದೆ ಅಂತ ಒಬ್ರಾದ್ರೂ ನೋಡಬೇಕಲ್ಲ.

ಆಲ್ಜೈಮರ್ಸಿಗೂ ಇದಕ್ಕೂ ವ್ಯತ್ಯಾಸ ಎಲ್ಲಿ ಅಂತ ಕೇಳ್ದೆ. ಆಲ್ಜೈಮರ್ಸಲ್ಲಿ ಸಾಮಾನ್ಯವಾಗಿ ಹೊಸ ನೆನಪು ಕೂರೋದೇ ಇಲ್ಲ, ನಿನ್ನೆ ರಾತ್ರಿ ಏನು ಊಟ ಅಂದ್ರೆ ಸುಳಿವು ಕೊಟ್ರೂ ಬರಲ್ಲ. ಮಾವಂಗೆ "ನಿನ್ನೆ ಏನು ಪಲ್ಯ?" ಅಂದ್ರೆ ತಡಬಡಾಯಿಸ್ತಾರೆ, "ಬಿದಿರಿಂದು..." ಅಂತ ಶುರು ಮಾಡಿದ್ರೆ ಸಾಕು, "ಹಾಂ ಕಣಿಲೆ, ಖಾರ ಜಾಸ್ತಿಯಾಗಿತ್ತು, ನಿಮ್ಮತ್ತೆಗೆ ಹೇಳಿದ್ರೆ ಕೇಳಲ್ಲ" ಅಂತ ಪೂರ್ತಿ ಬರುತ್ತೆ. ಸಾಮಾನು ಗೋಡೌನಲ್ಲಿದೆ, ಹುಡುಕಿ ತರೋದು ನಿಧಾನ. ಹಾಗಂತ ಇದು ಗೆರೆ ಎಳೆದ ಹಾಗೆ ಬೇರೆ ಆಗಿರಲ್ಲ, ವಯಸ್ಸಾದವರಲ್ಲಿ ಎರಡೂ ಒಟ್ಟಿಗೆ ಇರೋದೇ ಜಾಸ್ತಿ, ಒಂದು ಇನ್ನೊಂದಕ್ಕೆ ತುಪ್ಪ ಸುರಿಯುತ್ತೆ.

ಸ್ಟ್ರೋಕ್ ಆದ ತಕ್ಷಣದ ವಾರಗಳಲ್ಲಿ ಗೊಂದಲ ಎಲ್ಲರಿಗೂ ಸ್ವಲ್ಪ ಇರುತ್ತೆ, ಕೆಲವು ತಿಂಗಳಲ್ಲಿ ಸುಧಾರಿಸೋದೂ ಉಂಟು, ಅದಕ್ಕೇ ಮೂರರಿಂದ ಆರು ತಿಂಗಳ ಹೊತ್ತಿಗೆ ಒಂದು ಸರಿಯಾದ ಪರೀಕ್ಷೆ ಮಾಡಿಸಬೇಕು. ಫಿಸಿಯೋ ಫಾಲೋಅಪ್ಪಿಗೆ ಎಲ್ಲರೂ ಹೋಗ್ತಾರೆ, ಇದಕ್ಕೆ ಯಾರೂ ಹೋಗಲ್ಲ. ಮೋಕಾ ಅಂತ 30 ಅಂಕದ ಒಂದು ಪರೀಕ್ಷೆ ಇದೆ, ಕನ್ನಡದಲ್ಲೂ ಇದೆ, ಹತ್ತು ಹದಿನೈದು ನಿಮಿಷ. ಗಡಿಯಾರ ಬರೀರಿ, ಅಂಕಿ ಅಕ್ಷರ ಒಂದಾದ ಮೇಲೊಂದು ಗೆರೆ ಎಳೆದು ಸೇರಿಸಿ, ನೂರರಿಂದ ಏಳೇಳು ಕಳೀತಾ ಹೋಗಿ, ಹೀಗೆ. ಹಳೇ ಎಂಎಂಎಸ್‌ಇ ಪರೀಕ್ಷೇಲಿ ನೆನಪು, ದಿನ, ಜಾಗ ಇದಕ್ಕೇ ಒತ್ತು ಜಾಸ್ತಿ, ಮಾವನಂಥವರು ಅದರಲ್ಲಿ 28 ತಗೊಂಡು ಪಾಸಾಗಿ ಮನೆಗೆ ಬಂದುಬಿಡ್ತಾರೆ. ಮಾವ ಗಡಿಯಾರದ ಅಂಕಿಗಳನ್ನೆಲ್ಲ ದೂರ ದೂರ ಬರೆದ್ರು, ಒಂಬತ್ತರ ಹೊತ್ತಿಗೆ ಸುತ್ತು ಮುಗಿದಿತ್ತು, ಉಳಿದ ಮೂರನ್ನ ಹೊರಗೆ ಬರೆದು "ಜಾಗ ಸಾಲಲಿಲ್ಲ" ಅಂದ್ರು. ಅತ್ತೆ ಆ ಹಾಳೆ ನೋಡಿದ ಮೇಲೆ ಸೋಮಾರಿ ಅನ್ನೋ ಪದ ಬಿಟ್ಟರು. ಒಂದು ಮಾತು, ಈ ಪರೀಕ್ಷೆಗಳು ಓದು ಬರಹ ಬಂದವರಿಗೆ ಮಾಡಿದ್ದು. ಶಾಲೆ ಮೆಟ್ಟಿಲು ಹತ್ತದ, ತೋಟದ ಆಳುಗಳ ಲೈನ್‌ಮನೆಯ ಅಜ್ಜಿಗೆ ಗಡಿಯಾರ ಬರಿ ಅಂತ ಪೆನ್ನು ಕೊಟ್ಟು ಮಂಕು ಅಂತ ಸೀಲ್ ಒತ್ತೋದು ಅನ್ಯಾಯ. ಅವರಿಗೆ ಬೇರೆ ಥರ ಕೇಳೋ ಪರೀಕ್ಷೆಗಳಿವೆ. ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ನಮ್ಮ ದೇಶದ ಭಾಷೆಗಳಿಗೆ ಅಂತಲೇ ಮಾಡಿರೋ ಪರೀಕ್ಷೆಗಳಲ್ಲಿ ಕನ್ನಡವೂ ಇದೆ, ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರು ಮಾಡಿದೆ, ಮಿದುಳು ಅಂದ್ರೆ ಬೆಂಗಳೂರಿಗೇ ಓಡಬೇಕು ಅನ್ನೋದು ಕಮ್ಮಿ ಆಗಲಿ ಅಂತ.

ಮುಂದೇನಾಗುತ್ತೆ? ಎಲ್ಲರಿಗೂ ಡಿಮೆನ್ಷಿಯಾ ಆಗಲ್ಲ. ಆಕ್ಸ್‌ಫರ್ಡಿನವರು ಹಲವು ಅಧ್ಯಯನ ಒಟ್ಟು ಹಾಕಿ 2009ರಲ್ಲಿ ಬರೆದದ್ದು ಹೀಗೆ, ಮೊದಲನೇ ಸ್ಟ್ರೋಕ್ ಆದ ಮೇಲೆ ಹೊಸದಾಗಿ ಡಿಮೆನ್ಷಿಯಾ ಬರೋದು ಸುಮಾರು ಹತ್ತರಲ್ಲಿ ಒಬ್ಬರಿಗೆ, ಮತ್ತೆ ಸ್ಟ್ರೋಕ್ ಆದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ. ಅಂದ್ರೆ ಎರಡನೇದು ಆಗದ ಹಾಗೆ ನೋಡ್ಕೊಳ್ಳೋದ್ರಲ್ಲೇ ಅರ್ಧ ಯುದ್ಧ ಇದೆ.

ಈಗ ನನ್ನ ಏರಿಯಾ, ಗುಳಿಗೆ. ಮೊದಲನೇ ಪ್ರಶ್ನೆ ಎಲ್ಲರದ್ದೂ ಒಂದೇ, "ಸ್ಟೆಂಟ್ ಹಾಕಿಸೋಕಾಗಲ್ವಾ?" ಆಗಲ್ಲ. ಕೂದಲು ಗಾತ್ರದ ನಾಳಕ್ಕೆ ಸ್ಟೆಂಟ್ ಇಲ್ಲ, ಬೈಪಾಸ್ ಇಲ್ಲ, ತೊಳೆದು ಕ್ಲೀನ್ ಮಾಡೋ ಇಂಜೆಕ್ಷನ್ನೂ ಇಲ್ಲ, ಯಾರಾದ್ರೂ ಡ್ರಿಪ್ ಹಾಕಿ ಮೆದುಳು ಕ್ಲೀನ್ ಮಾಡ್ತೀವಿ ಅಂದ್ರೆ ಪರ್ಸು ಕ್ಲೀನ್ ಆಗುತ್ತೆ ಅಷ್ಟೇ. ಮಾಡೋಕೆ ಆಗೋದು ಮೋಟಾರಿನ ಪ್ರೆಶರ್ ಇಳಿಸೋದು. ಅಮೆರಿಕದಲ್ಲಿ 50 ದಾಟಿದ 9,300ಕ್ಕೂ ಹೆಚ್ಚು ಜನರ ಮೇಲೆ ನಡೆದ ಸ್ಪ್ರಿಂಟ್ ಅನ್ನೋ ಟ್ರಯಲ್ಲಿನ ಮೆದುಳಿನ ಭಾಗದ ಫಲಿತಾಂಶ 2019ರಲ್ಲಿ ಬಂತು, ಮೇಲಿನ ಬಿಪಿನ 120ರ ಒಳಗೆ ತರೋಕೆ ಪ್ರಯತ್ನಿಸಿದವರಲ್ಲಿ 140 ಗುರಿ ಇಟ್ಟವರಿಗಿಂತ ಡಿಮೆನ್ಷಿಯಾಗೆ ಮುಂಚಿನ ಹಂತದ ಮರೆವು ಕಮ್ಮಿ ಆಯ್ತು, ಬಿಳಿ ಮಚ್ಚೆ ಬೆಳೆಯೋದೂ ನಿಧಾನ ಆಯ್ತು, ಪೂರ್ತಿ ಡಿಮೆನ್ಷಿಯಾ ಕಮ್ಮಿ ಆಯ್ತು ಅಂತ ಮಾತ್ರ ಖಡಾಖಂಡಿತ ಹೇಳೋಕೆ ಆಗಲಿಲ್ಲ. ಅದರಲ್ಲಿ ಸಕ್ಕರೆ ಕಾಯಿಲೆಯವರನ್ನೂ ಮೊದಲೇ ಸ್ಟ್ರೋಕ್ ಆದವರನ್ನೂ ಸೇರಿಸಿರಲಿಲ್ಲ, ಹಾಗಾಗಿ 120 ಅನ್ನೋ ನಂಬರ್ ಹಿಡ್ಕೊಂಡು ನೀವೇ ಗುಳಿಗೆ ಏರಿಸೋಕೆ ಹೋಗಬೇಡಿ, ನಿಂತ್ರೆ ತಲೆ ಸುತ್ತಿ ಬೀಳೋ ಅಜ್ಜಂಗೆ ಅದು ಸರಿ ಬರಲ್ಲ. ಸ್ಟ್ರೋಕ್ ಆದವರಿಗೆ ಸಾಮಾನ್ಯವಾಗಿ 130/80ರ ಒಳಗೆ ಅಂತ ಡಾಕ್ಟ್ರು ಗುರಿ ಇಡ್ತಾರೆ, ಮಾವಂಗೂ ಅದೇ.

ಅಂಗಡೀಲಿ ನಾನು ದಿನಾ ನೋಡೋದೇನು ಅಂದ್ರೆ, ತಿಂಗಳಿಗೆ ಬರೆದುಕೊಟ್ಟ ಬಿಪಿ ಗುಳಿಗೇಲಿ ಹತ್ತು ಕೊಡಿ ಸಾಕು ಅಂತಾರೆ, ಆಮೇಲೆ ಎರಡು ತಿಂಗಳು ಪತ್ತೆ ಇರಲ್ಲ. ಯಾಕೆ ನಿಲ್ಲಿಸಿದ್ರಿ ಅಂದ್ರೆ "ಚೆಕ್ ಮಾಡಿಸ್ದೆ, ನಾರ್ಮಲ್ ಬಂತು". ಗುಳಿಗೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿದ್ದು ಸ್ವಾಮಿ. ಕೊಯ್ಲಿನ ಟೈಮಲ್ಲಿ ಪುರುಸೊತ್ತಿಲ್ಲ ಅಂತ ನಿಲ್ಲಿಸ್ತಾರೆ, ಅದೇ ಚಳಿಗಾಲ, ಚಳೀಲಿ ಬಿಪಿ ಏರೋದೇ ಜಾಸ್ತಿ. ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ಕುಡಿದ್ರೆ ಹದಿನೆಂಟು ಥರ ಔಷಧಿ ಒಳಗೆ ಹೋಗುತ್ತೆ ಅಂತ ಗುಳಿಗೆ ಬಿಟ್ಟವರೂ ಇದಾರೆ, ಪಾಯಸ ನಾನೂ ಎರಡು ಬಟ್ಟಲು ಕುಡೀತೀನಿ, ಮೂತ್ರ ಕೆಂಪಗಾಗುತ್ತೆ ಅನ್ನೋದು ನಿಜ, ಬಿಪಿ ಇಳಿಯುತ್ತೆ ಅಂತ ನಂಬಿ ಗುಳಿಗೆ ಮಾತ್ರ ಬಿಡಬೇಡಿ.

ರಕ್ತ ತೆಳು ಮಾಡೋ ಗುಳಿಗೆದು ಇನ್ನೊಂದು ಗೋಳು. ಚಿಕ್ಕ ಸ್ಟ್ರೋಕ್ ಆದ ತಕ್ಷಣ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಸೇರಿಸಿ ಮೂರು ವಾರದಷ್ಟು ಕೊಡ್ತಾರೆ, ಆಮೇಲೆ ಒಂದನ್ನ ನಿಲ್ಲಿಸಿ ಒಂದನ್ನ ಮುಂದುವರಿಸಿ ಅಂತಾರೆ. ನಮ್ಮ ಜನ ಒಂದೋ ಎರಡನ್ನೂ ನಿಲ್ಲಿಸ್ತಾರೆ, ಇಲ್ಲಾ ಹಳೇ ಚೀಟಿ ತೋರಿಸಿ ಎರಡನ್ನೂ ವರ್ಷಗಟ್ಟಲೆ ತಗೊಳ್ತಾರೆ. ಈ ಲಕೂನಾರ್ ಸ್ಟ್ರೋಕ್ ಆದ ಸುಮಾರು 3,000 ಜನರ ಮೇಲೆ ಎಸ್‌ಪಿಎಸ್3 ಅಂತ ಟ್ರಯಲ್ ನಡೆದು 2012ರಲ್ಲಿ ಫಲಿತಾಂಶ ಬಂತು, ಎರಡನ್ನೂ ದೀರ್ಘಕಾಲ ಕೊಟ್ರೆ ಸ್ಟ್ರೋಕ್ ಕಮ್ಮಿ ಆಗಲಿಲ್ಲ, ರಕ್ತಸ್ರಾವ ಜಾಸ್ತಿ ಆಯ್ತು, ಸಾವೂ ಜಾಸ್ತಿ ಆಯ್ತು. ಕಟ್ಟೋ ನಾಳವೇ ಒಡೆಯೋ ನಾಳ ಅಂತ ಮೊದಲೇ ಹೇಳಿದ್ನಲ್ಲ. ಅದಕ್ಕೇ ಸ್ಕ್ಯಾನಲ್ಲಿ ಮೈಕ್ರೋಬ್ಲೀಡ್ ಎಷ್ಟಿದೆ ಅಂತಾನೂ ನೋಡ್ತಾರೆ, ಸಿಟಿ ಸ್ಕ್ಯಾನಲ್ಲಿ ಅದು ಕಾಣಲ್ಲ, ಎಂಆರ್‌ಐನೇ ಬೇಕು.

ಮೆದುಳಿನ ಟಾನಿಕ್ ಅಂತ ಮಾರೋ ಗುಳಿಗೆ ಸಿರಪ್ಪು ನನ್ನ ಶೆಲ್ಫಲ್ಲೂ ಇದೆ, ಲಾಭ ಒಳ್ಳೇದಿದೆ, ಮಾವಂಗೆ ಮಾತ್ರ ಕೊಟ್ಟಿಲ್ಲ. ಇಷ್ಟು ಹೇಳಿದ್ರೆ ಸಾಕು. ಭರವಸೆ ಇರೋ ಸುದ್ದಿ ಒಂದಿದೆ, ಬ್ರಿಟನ್ನಲ್ಲಿ ಲಾಸಿ-2 ಅಂತ 363 ಜನರ ಮೇಲೆ ಒಂದು ವರ್ಷ ನಡೆದ ಟ್ರಯಲ್ಲು, 2023ರಲ್ಲಿ ಪ್ರಕಟ ಆಯ್ತು, ಎದೆನೋವಿಗೆ ಕೊಡೋ ಐಸೋಸಾರ್ಬೈಡ್ ಮೋನೋನೈಟ್ರೇಟ್ ಮತ್ತೆ ಕಾಲಿನ ರಕ್ತನಾಳಕ್ಕೆ ಕೊಡೋ ಸಿಲೋಸ್ಟಜಾಲ್, ಎರಡೂ ಹಳೇ ಅಗ್ಗದ ಗುಳಿಗೆ, ನಾಳದ ಒಳಪದರ ಸುಧಾರಿಸಬಹುದು ಅನ್ನೋ ಆಸೇಲಿ ಕೊಟ್ಟು ನೋಡಿದ್ರು, ಯೋಚನಾಶಕ್ತಿ ಕುಸಿಯೋದು ಸ್ವಲ್ಪ ಕಮ್ಮಿ ಆದ ಹಾಗೆ ಕಂಡಿದೆ. ಚಿಕ್ಕ ಟ್ರಯಲ್ಲು, ದೊಡ್ಡದು ಆಗಿ ಗಟ್ಟಿಯಾಗೋವರೆಗೆ ಇದನ್ನ ಓದಿ ನನ್ನ ಹತ್ರ ಬಂದು ಕೇಳಿದ್ರೆ ನಾನು ಕೊಡಲ್ಲ, ಹಾರ್ಟ್ ಫೇಲ್ಯೂರ್ ಇರೋರಿಗೆ ಸಿಲೋಸ್ಟಜಾಲ್ ಕೊಡಲೇಬಾರದು.

ಉಳಿದದ್ದು ಎಲ್ಲರಿಗೂ ಗೊತ್ತಿರೋದೇ, ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತೆ, ಅಂದ್ರೆ ಒಂದು ಟೀ ಚಮಚ, ನಮ್ಮನೇಲಿ ಮಿಡಿ ಉಪ್ಪಿನಕಾಯಿ, ಒಣಮೀನಿನ ಚಟ್ನಿ, ಎರಡೇ ಸೇರಿದ್ರೆ ಅಷ್ಟಾಗುತ್ತೆ. ಅತ್ತೆ ಪಂದಿಕರಿಗೆ ಉಪ್ಪು ಕಮ್ಮಿ ಮಾಡಿ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ) ಒಂದು ಹನಿ ಜಾಸ್ತಿ ಮಾಡಿದ್ರು, ಮಾವಂಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯ್ತು, ಸುಮ್ನಿದ್ದೆ. ಸಂಜೆಯ ರಮ್ಮು ನಿಲ್ಲಿಸೋಕೆ ಮಾತ್ರ ಎಂಟು ತಿಂಗಳು ಹಿಡೀತು. ಗೊರಕೆ ಹೊಡೀತಾ ಮಧ್ಯೆ ಉಸಿರು ನಿಲ್ಲೋರು ಇದ್ರೆ ಅದನ್ನೂ ತೋರಿಸಿ, ರಾತ್ರಿಯಿಡೀ ಆಕ್ಸಿಜನ್ ಏರಿಳಿದ್ರೆ ಈ ನಾಳಗಳಿಗೆ ಒಳ್ಳೇದಲ್ಲ. ಮತ್ತೆ ನಡೆಯೋದು, ದಿನಾ.

ಮನೇಲಿ ಹೇಗೆ ನಡ್ಕೊಳ್ಳೋದು ಅನ್ನೋದು ನಾವು ತಪ್ಪು ಮಾಡಿ ಮಾಡಿ ಕಲ್ತಿದ್ದು. ಒಂದೇ ಉಸಿರಲ್ಲಿ "ಕಣದ ಟಾರ್ಪಾಲ್ ಮುಚ್ಚಿಸಿ, ಮೆಣಸು ಎಷ್ಟು ಮೂಟೆ ಆಯ್ತು ನೋಡಿ, ಆಳುಗಳಿಗೆ ನಾಳೆ ಬೇಗ ಬರೋಕೆ ಹೇಳಿ" ಅಂದ್ರೆ ಮೂರೂ ಹೋಯ್ತು. ಒಂದು ಹೇಳಿ, ಮುಗಿದ ಮೇಲೆ ಇನ್ನೊಂದು. ಉತ್ತರ ಬರೋಕೆ ಟೈಮ್ ಕೊಡಬೇಕು, ಸುಂಟಿಕೊಪ್ಪ ಸುತ್ತಿ ಬರ್ತಾ ಇದೆ, ಬರುತ್ತೆ, ಅಷ್ಟರಲ್ಲಿ ನಾವೇ ಉತ್ತರ ಹೇಳಿಬಿಟ್ರೆ ಅವರು ಅರ್ಧ ದಾರೀಲೇ ತಿರುಗಿ ಹೋಗ್ತಾರೆ. ಟಿವಿ ಹಾಕ್ಕೊಂಡು ಮಾತಾಡಬೇಡಿ. ಗೋಡೆ ಮೇಲೆ ಒಂದು ಬೋರ್ಡ್ ಹಾಕಿದೀವಿ, ಬ್ಯಾಕಿಂಗ್ ತಾರೀಖು ಅದರಲ್ಲಿ ಬರೆದಿದೆ, ಬೋರ್ಡೇ ಸಿಂಪಲ್ ಔಷಧಿ, ಇದಕ್ಕೆ ಚೀಟಿ ಬೇಕಿಲ್ಲ. ಗುಳಿಗೆ ವಾರದ ಡಬ್ಬಿಗೆ ಹಾಕಿಡೋದು ಅತ್ತೆ, ಬ್ಯಾಂಕಿನ ಚೆಕ್ಕು ಮಗನ ಕಣ್ಣಿಗೆ ಬೀಳದೆ ಹೋಗಲ್ಲ, ಒಂದು ಸಲ ಒಬ್ಬ ಮೆಣಸು ವ್ಯಾಪಾರಿ ಹಳೇ ರೇಟು ಹೇಳಿ ಒಯ್ದಿದ್ದ.

ಜಗಳ ಆಗಿದ್ದು ಎರಡೇ ವಿಷಯಕ್ಕೆ, ಜೀಪು ಮತ್ತೆ ಕೋವಿ. ಜೀಪ್ ಓಡಿಸೋ ಕೈಕಾಲು ಚೆನ್ನಾಗೇ ಇದೆ, ಆದ್ರೆ ತಿರುವಲ್ಲಿ ಎದುರಿಂದ ಟಿಂಬರ್ ಲಾರಿ ಬಂದಾಗ ಅರ್ಧ ಸೆಕೆಂಡು ತಡ ಆಗೋದು ಕೈಕಾಲಿನ ವಿಷಯ ಅಲ್ಲ. ಡಾಕ್ಟ್ರು ಬೇಡ ಅಂದ್ರು, ಮಾವ ಡಾಕ್ಟ್ರಿಗೆ ತೋಟದ ರಸ್ತೆ ಗೊತ್ತಿಲ್ಲ ಅಂದ್ರು, ಕೊನೆಗೆ ತೋಟದ ಒಳಗೆ ಮಾತ್ರ, ಗೇಟ್ ದಾಟೋ ಹಾಗಿಲ್ಲ ಅಂತ ರಾಜಿ ಆಯ್ತು. ಕೋವಿ ಬಗ್ಗೆ ನಮ್ಮೂರಲ್ಲಿ ಯಾರೂ ಬಾಯಿ ಬಿಡಲ್ಲ, ಅದು ಮನೆತನದ ಮಾತು, ನಮ್ಮ ಆಯುಧದ ಹಬ್ಬ ಕೈಲ್‌ಪೊಳ್ದ್‌ಗೆ ಪೂಜೆಗಿಡೋ ವಸ್ತು. ಆದ್ರೆ ಮನಸ್ಸು ಕುಗ್ಗಿರೋ, ತಾಳ್ಮೆ ಕೆಡೋ ಕಾಯಿಲೆ ಇರೋ ಮನೇಲಿ ಕೋವಿಯೂ ಅದರ ಗುಂಡುಗಳೂ ಬೇರೆಬೇರೆ ಬೀಗದಲ್ಲಿ, ಕೀಲಿ ಇನ್ನೊಬ್ಬರ ಹತ್ರ ಇರಬೇಕು. ನಾವು ಹೇಳೋಕೆ ಹೆದರ್ತಾ ಇದ್ವಿ, ಮಾವನೇ ಒಂದಿನ ಕೀಲಿಗೊಂಚಲಿಂದ ಅದನ್ನ ಬಿಡಿಸಿ ಮಗನ ಮುಂದೆ ಮೇಜಿನ ಮೇಲೆ ಇಟ್ಟು ಅಂಗಳಕ್ಕೆ ಹೋದ್ರು.

ಹೋದ ವಾರ ಫೋನ್ ಮಾಡಿದ್ದೆ. "ನಿಮ್ಮ ಕಡೆ ಎಷ್ಟು ಸೆಂಟು?" ಅಂದ್ರು. ಎಪ್ಪತ್ತು ಅಂದೆ. ಸುಮಾರು ಹೊತ್ತು ಸುಮ್ನಿದ್ರು, ನಾನೂ ಕಾದೆ. "ನಮ್ದು ಒಂದು ಇಂಚು ಹತ್ತು, ನಿಮಗಿಂತ ನಲವತ್ತು ಜಾಸ್ತಿ" ಅಂದ್ರು, ಆಮೇಲೆ ಬಿಪಿ 134 ಅಂತಾನೂ ಅಂದ್ರು, ಅದನ್ನ ನಾನು ಕೇಳಿರ್ಲಿಲ್ಲ.